ನಂಬನ್ ತೆರೆಗಳಲ್ಲಿ ಗೋವೆಯ ಬಂದರು

ಜಪಾನಿನ ಚಿತ್ರಕಲೆಯಲ್ಲಿ 'ನಂಬನ್ ಬ್ಯೋಬು' ಎಂಬ ಮಡಿಸುವ ತೆರೆಗಳಿಗೆ ವಿಶಿಷ್ಟವಾದ ಸ್ಥಾನವುಂಟು. 'ನಂಬನ್' ಎಂದರೆ ದಕ್ಷಿಣದ ಮ್ಲೇಚ್ಛ. 'ಬ್ಯೋಬು' ಎಂದರೆ ಗಾಳಿಗೆ ಅಡ್ಡವಾಗಿ ನಿಲ್ಲಿಸುವ ತೆರೆ. ಸಾಮಾನ್ಯವಾಗಿ ಆರಾರು ಫಲಕಗಳ ಜೋಡಿಯಾಗಿರುವ ಇವುಗಳಲ್ಲಿ ಸುಮಾರು 90 ಇಂದಿಗೂ ಉಳಿದಿವೆ. ಚಿನ್ನದ ರೇಕಿನ ಮೋಡಗಳ ನಡುವೆ ಪೋರ್ತುಗೀಜರ ಕರಿಯ ಹಡಗು, ಬುರುಬುರು ಉಬ್ಬಿದ ಷರಾಯಿಯ ವರ್ತಕರು, ಕಪ್ಪು ನಿಲುವಂಗಿಯ ಪಾದ್ರಿಗಳು, ಬೆರಗಿನಿಂದ ನೋಡುವ ಊರ ಜನರು ಇವುಗಳ ಮೇಲೆ ಕಾಣುತ್ತಾರೆ.

ಈ ತೆರೆಗಳನ್ನು ಜಪಾನು ಯುರೋಪನ್ನು ಸಂಧಿಸಿದ ಚಿತ್ರಗಳೆಂದು ಹೇಳುವ ವಾಡಿಕೆಯಿದೆ. ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. 1571ರಲ್ಲಿ ನಾಗಸಾಕಿ ತೆರೆದ ಮೇಲೆ ಅಲ್ಲಿಗೆ ಬರುತ್ತಿದ್ದ ದೊಡ್ಡ ಹಡಗು ಹೊರಡುತ್ತಿದ್ದುದು ಲಿಸ್ಬನ್ನಿನಿಂದಲ್ಲ, ಗೋವೆಯಿಂದ. ಮಲಾಕ್ಕಾ, ಮಕಾವುಗಳು ಅದರ ನಡುದಾರಿಯ ತಂಗುದಾಣಗಳು. ವರ್ತಕನಿಗೆ ಛತ್ರಿ ಹಿಡಿದ ಕಪ್ಪುಮೈಯ ಸೇವಕರಲ್ಲಿ ಆಫ್ರಿಕದವರಂತೆ ಹಿಂದೂಸ್ಥಾನದವರೂ ಇದ್ದಾರೆ. ಮೊದಮೊದಲು ಜಪಾನೀಯರು ಈ ಆಗಂತುಕರನ್ನು 'ತೆಂಜಿಕು'ವಿನವರೆಂದೇ, ಅಂದರೆ ಬುದ್ಧನ ನಾಡಿನವರೆಂದೇ, ಭಾವಿಸಿದ್ದರು!

ಕುದುರೆಯ ಸಂಗತಿಯು ಇನ್ನೂ ಸ್ವಾರಸ್ಯಕರ. ಗೋವೆಯ ವೈಸರಾಯ್ ದುವಾರ್ತೆ ದ ಮೆನೆಜೆಸನು 1588ರಲ್ಲಿ ಹಿದೆಯೋಶಿಗೆ ಬರೆದ ಪತ್ರವನ್ನು ಜೆಸುಯಿಟ್ ಪಾದ್ರಿ ವಾಲಿಗ್ನಾನೊ 1591ರಲ್ಲಿ ಕ್ಯೋಟೋದಲ್ಲಿ ಒಪ್ಪಿಸಿದನು. ಜೊತೆಗೆ ಒಂದು ಅರಬ್ಬೀ ಕುದುರೆಯನ್ನೂ ಕಾಣಿಕೆಯಾಗಿ ಕೊಟ್ಟನು. ತೊಗಲಿನ ಮೇಲೆ ಬರೆದ ಆ ಪತ್ರವು ಕ್ಯೋಟೋದ ಮ್ಯೋಹೋ-ಇನ್ ದೇವಾಲಯದಲ್ಲಿದೆ. ಹಡಗಿನಲ್ಲಿ ಬಂದಿಳಿದ ಅರಬ್ಬೀ ಕುದುರೆಗಳಿಗಾಗಿ ವಿಜಯನಗರವೂ ಬಿಜಾಪುರವೂ ಗೋವೆಯ ಕಡೆಗೆ ನೋಡುತ್ತಿದ್ದವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ತೆರೆಗಳಲ್ಲಿ ಲಗಾಮು ಹಿಡಿದು ನಡೆಯಿಸುವ ಎತ್ತರದ ಕುದುರೆಗಳು ಆ ವ್ಯಾಪಾರದವೇ.

ಕೋಬೆ ನಗರದ ವಸ್ತುಸಂಗ್ರಹಾಲಯದಲ್ಲಿರುವ ಕಾನೋ ನೈಜೆನ್‌ನ (1570–1616) ಜೋಡಿಯಲ್ಲಿ ಬಲದ ತೆರೆಯು ಜಪಾನಿಗೆ ಹಡಗು ಬಂದುದನ್ನೂ ಎಡದ ತೆರೆಯು ಪರದೇಶದ ಬಂದರಿನಿಂದ ಅದು ಹೊರಟುದನ್ನೂ ತೋರಿಸುತ್ತವೆ. ಆ ಬಂದರಿನಲ್ಲಿ ಆನೆಯಿದೆ. ಕಟ್ಟಡಗಳು ಮಾತ್ರ ಚೀನೀ ಮಾದರಿಯವು. ಗೋವೆಯನ್ನಾಗಲಿ ಮಕಾವನ್ನಾಗಲಿ ಕಾಣದ ಕಲಾವಿದನು ಕೇಳಿದ್ದಕ್ಕೆ ಕಲ್ಪನೆಯನ್ನು ಬೆರೆಸಿರುವನು.

ನಮ್ಮ ಸೀಮೆಗೂ ಆ ಬಂದರಿಗೂ ನಂಟಿದೆ. 1510ರವರೆಗೆ ಗೋವೆಯು ಆದಿಲಶಾಹಿಯದು. ಆಮೇಲೂ ವ್ಯಾಪಾರ ನಿಲ್ಲಲಿಲ್ಲ. ಬಿಜಾಪುರ–ಗೋವೆಗಳ ನಡುವಣ ಪೇಟೆಗಳಲ್ಲಿ ಅಥಣಿಯ ಹೆಸರನ್ನು ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋ ಬರೆದಿಟ್ಟಿರುವನು. ಅವನು ಗೋವೆಯನ್ನು ಕಂಡ 1639ರಲ್ಲಿಯೇ ಜಪಾನು ಪೋರ್ತುಗೀಜರ ಹಡಗುಗಳಿಗೆ ಬಾಗಿಲು ಮುಚ್ಚಿತು. ಬಿಜಾಪುರದ ಸಮೀಪದ ಕುಮಟಗಿಯ ಗೋಡೆಗಳ ಮೇಲೆಯೂ ಯುರೋಪಿನ ಉಡುಪಿನ ಆಕೃತಿಗಳನ್ನು ಬರೆಯಲಾಗಿತ್ತು. ಜಪಾನಿನ ತೆರೆಗಳು ಮಡಿಸಿ ಒಳಗಿಟ್ಟುದರಿಂದ ಉಳಿದವು. ಕುಮಟಗಿಯ ಬಣ್ಣವು ಬಹುಮಟ್ಟಿಗೆ ಮಾಸಿದೆ. ಉಳಿದಷ್ಟನ್ನು ನಮ್ಮ ವಿದ್ಯಾರ್ಥಿಗಳು ಬೇಗನೆ ಹೋಗಿ ನೋಡತಕ್ಕದ್ದು.