ಗೊಂಬೆಮನೆಯ ಪೀಠೋಪಕರಣ: ಗಾತ್ರ ಕಿರಿದು, ವೆಚ್ಚ ಕಿರಿದಲ್ಲ

ದಸರೆಗೆ ಗೊಂಬೆ ಕೂರಿಸುವ ನಮ್ಮ ಮನೆಗಳಲ್ಲಿ ಚನ್ನಪಟ್ಟಣದ ಪುಟ್ಟ ಒರಳು, ಬೀಸುವ ಕಲ್ಲು, ಕೊಡಗಳಿಗೆ ಬಹುಕಾಲದಿಂದ ಸ್ಥಾನವಿದೆ. ಗೊಂಬೆಮನೆಯ ಕೋಣೆಗೆ ಬೇಕಾಗುವ ಮಂಚ, ಮೇಜು, ಕುರ್ಚಿಗಳೂ ಇದೇ ವರ್ಗದ ಸರಕು. ಬಿಡದಿ ಕೈಗಾರಿಕಾ ಪ್ರದೇಶದ ಸಣ್ಣ ಉದ್ಯಮಿಯೊಬ್ಬರು ಇಂತಹ ಸೆಟ್ಟುಗಳಿಗೆ ಆರ್ಡರ್ ಪಡೆದು, ಚನ್ನಪಟ್ಟಣದಲ್ಲಿ ಬಿಡಿಭಾಗಗಳನ್ನು ಕಡೆಸಿ, ತಮ್ಮಲ್ಲಿ ಜೋಡಿಸಿ ಮಾರಿದರು. ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳು ನನ್ನ ಮುಂದೆ ಬಂದಾಗ ಪ್ರತಿ ಸೆಟ್ಟಿನಲ್ಲಿಯೂ ನಷ್ಟ ಕಂಡಿತು. ಮರದ ಬೆಲೆಗೆ ಇಂತಿಷ್ಟು ಪಟ್ಟು ಎಂದು ಅವರು ದರ ನಿಗದಿಪಡಿಸಿದ್ದೇ ಇದಕ್ಕೆ ಕಾರಣ.

ಅಳತೆಯ ಮರ್ಮ

ಗೊಂಬೆಮನೆಯ ಸಾಮಗ್ರಿಗಳಿಗೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:12, ಅಂದರೆ ಅಡಿಗೆ ಒಂದು ಅಂಗುಲ. ಉದ್ದ, ಅಗಲ, ಎತ್ತರ ಮೂರೂ ಹನ್ನೆರಡನೆಯ ಒಂದು ಭಾಗವಾದಾಗ ಮರದ ಪ್ರಮಾಣ 1,728ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಕುರ್ಚಿಯ ಕಾಲುಗಳು ನಾಲ್ಕೇ ಆಗಿರುತ್ತವೆ. ಕೂಡಿಸುವ ಜಾಗಗಳೂ ಅಷ್ಟೇ. ಮರ ಕರಗಿತು, ಕೆಲಸ ಕರಗಲಿಲ್ಲ.

ಚನ್ನಪಟ್ಟಣದ ಪದ್ಧತಿಯಲ್ಲಿ ಒಣಗಿಸಿದ ಆಲೆಮರವನ್ನು ಲೇತಿನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಲಾಗುತ್ತದೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿ ಹೊಳಪು ತರಲಾಗುತ್ತದೆ. ಲೇತು ದುಂಡಗಿನ ವಸ್ತುವನ್ನು ಮಾತ್ರ ಕೊಡಬಲ್ಲದು. ಆದ್ದರಿಂದ ದುಂಡು ಮೇಜು, ಸ್ಟೂಲು, ಕಡೆದ ಕಾಲಿನ ಮಂಚ ಇಲ್ಲಿ ಸುಲಭ. ಬೀರುವಿನಂತಹ ಹಲಗೆಯ ಕೆಲಸಕ್ಕೆ ಕೊಯ್ದು ಅಂಟಿಸುವ ಹೆಚ್ಚಿನ ಸಮಯ ಬೇಕು.

ಒಂದು ಮಾದರಿ ಲೆಕ್ಕ

ಒಂದು ಮೇಜು, ನಾಲ್ಕು ಸ್ಟೂಲು, ಒಂದು ಮಂಚವುಳ್ಳ ಸೆಟ್ಟನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅಂಕಿಗಳು ಕೇವಲ ವಿವರಣೆಗಾಗಿ.

ಮರ: ರೂ. 12
ಅರಗು, ಬಣ್ಣ: ರೂ. 10
ಕೆಲಸದ ಸಮಯ, 100 ನಿಮಿಷ, ನಿಮಿಷಕ್ಕೆ ರೂ. 1.50: ರೂ. 150
ಒಟ್ಟು: ರೂ. 172
ಹತ್ತರಲ್ಲಿ ಒಂದು ಸೆಟ್ಟು ಕೆಟ್ಟರೆ, ಉಳಿದ ಒಂಬತ್ತರ ಮೇಲೆ ಬೀಳುವ ಹೆಚ್ಚುವರಿ ವೆಚ್ಚ: ರೂ. 19
ಪೆಟ್ಟಿಗೆ: ರೂ. 18
ಮೇಲ್ವೆಚ್ಚ: ರೂ. 20
ಸೆಟ್ಟಿನ ವೆಚ್ಚ: ರೂ. 229

ಇಲ್ಲಿ ಮರದ ಬೆಲೆ ಎರಡು ಪಟ್ಟಾದರೂ ಸೆಟ್ಟಿನ ವೆಚ್ಚ ಸುಮಾರು ರೂ. 13 ಮಾತ್ರ ಏರುತ್ತದೆ. ಕೆಲಸದ ಸಮಯ ಶೇ. 10ರಷ್ಟು ಹೆಚ್ಚಿದರೆ ಸುಮಾರು ರೂ. 17 ಏರುತ್ತದೆ. ಆದ್ದರಿಂದ ಮಾಲೀಕರು ಮರದ ಬಿಲ್ಲಿಗಿಂತ ನಿಮಿಷಗಳನ್ನೂ ತಿರಸ್ಕೃತ ಮಾಲನ್ನೂ ಬರೆದಿಡುವುದು ಮುಖ್ಯ.

ತೆರಿಗೆ ಮತ್ತು ಕಾನೂನು

ಈ ಸರಕನ್ನು 'ಪೀಠೋಪಕರಣ' ಎಂದು ಬಿಲ್ಲು ಮಾಡುವುದು ಸಾಮಾನ್ಯ ತಪ್ಪು. ಸುಂಕಪಟ್ಟಿಯ 94ನೆಯ ಅಧ್ಯಾಯದ ಟಿಪ್ಪಣಿಯೇ ಆಟಿಕೆ ಪೀಠೋಪಕರಣಗಳನ್ನು ಹೊರಗಿಟ್ಟು 9503ಕ್ಕೆ ಕಳುಹಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಿದ್ಯುನ್ಮಾನವಲ್ಲದ ಆಟಿಕೆಗಳ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ; ಸಾಮಾನ್ಯ ಮರದ ಪೀಠೋಪಕರಣಕ್ಕೆ ಶೇ. 18 ಇದೆ. ಹೆಸರಿನ ತಪ್ಪಿಗೆ ಶೇ. 13ರ ದಂಡ ತೆತ್ತಂತೆ.

2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದಿದ್ದು, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರ ಆಟಿಕೆಗಳಿಗೂ ವಿನಾಯಿತಿ ಉಂಟು. ಬಿಡದಿಯಲ್ಲಿ ಜೋಡಿಸಿ ಮಾರುವ ಘಟಕವು ಈ ವಿನಾಯಿತಿ ತನಗೂ ಸಲ್ಲುತ್ತದೆಂದು ಭಾವಿಸಬಾರದು. ಅಂತೆಯೇ, ಭೌಗೋಳಿಕ ಸೂಚಕ ಪಡೆದ 'ಚನ್ನಪಟ್ಟಣ' ಎಂಬ ಹೆಸರನ್ನು ಅಧಿಕಾರವಿಲ್ಲದೆ ಪೆಟ್ಟಿಗೆಯ ಮೇಲೆ ಮುದ್ರಿಸಲಾಗದು. ಮೂರು ವರ್ಷದೊಳಗಿನ ಮಕ್ಕಳು ಸಣ್ಣ ಬಿಡಿಭಾಗಗಳನ್ನು ನುಂಗುವ ಅಪಾಯವಿರುವುದರಿಂದ ವಯಸ್ಸಿನ ಎಚ್ಚರಿಕೆಯೂ ಅವಶ್ಯ.

ಕುಶಲಕರ್ಮಿಯು ಉದ್ಯಮ ನೋಂದಣಿ ಹೊಂದಿದ್ದರೆ, 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯಂತೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಪಾವತಿಯಾಗಬೇಕು. ಕಡೆದವನ ಕೂಲಿಯೇ ಈ ಸರಕಿನ ಪ್ರಮುಖ ವೆಚ್ಚವಾದ್ದರಿಂದ, ಅಂಗಡಿಯಿಂದ ಹಣ ಬರುವ ದಿನವನ್ನೂ ಈ 45 ದಿನವನ್ನೂ ಹೋಲಿಸಿ ನೋಡಿದ ನಂತರವೇ ಆರ್ಡರಿಗೆ ಸಹಿ ಹಾಕುವುದು ಕ್ಷೇಮ. ಮೇಲೆ ಹೇಳಿದ ಉದ್ಯಮಿಯು ಮುಂದಿನ ದಸರೆಯ ಆರ್ಡರನ್ನು ನಿಮಿಷದ ಲೆಕ್ಕದಲ್ಲಿ ದರ ಕಟ್ಟಿ ಒಪ್ಪಿಕೊಂಡರು. ಆ ದರಕ್ಕೆ ಒಪ್ಪದ ಗಿರಾಕಿಯನ್ನು ಬಿಟ್ಟುಕೊಟ್ಟರು.