ಕ್ಯಾಸನೂರು ಕಾಡಿನ ಜ್ವರ

ಜಗತ್ತಿನ ವೈದ್ಯಗ್ರಂಥಗಳಲ್ಲಿ ಕನ್ನಡನಾಡಿನ ಒಂದು ಹಳ್ಳಿಯ ಹೆಸರು ಶಾಶ್ವತವಾಗಿ ಸೇರಿಹೋಗಿರುವುದನ್ನು ನಮ್ಮಲ್ಲಿ ಎಲ್ಲರೂ ಗಮನಿಸಿರಲಾರರು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರೇ ಆ ಊರು. ಈ ಪ್ರಸಿದ್ಧಿ ರೋಗವೊಂದರ ಮೂಲಕ ಬಂದಿತೆಂಬುದು ಖೇದದ ಸಂಗತಿ. ಮಲೆನಾಡಿಗರು ಇದನ್ನು ‘ಮಂಗನ ಕಾಯಿಲೆ’ಯೆಂದು ಕರೆಯುತ್ತಾರೆ. ಆ ಹೆಸರಿನಲ್ಲಿ ಅಡಗಿರುವುದು ಅರ್ಧ ಸತ್ಯ ಮಾತ್ರ.

1957ರ ಬೇಸಗೆಯ ಮೊದಲಲ್ಲಿ ಆ ಕಾಡಿನಲ್ಲಿ ಮುಸುವಗಳೂ ಕೆಂಪು ಮಂಗಗಳೂ ಸಾಯುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ಜನರು ತೀವ್ರ ಜ್ವರದಿಂದ ಮಲಗಿದ್ದಾರೆ ಎಂಬ ವಾರ್ತೆ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಸ್ಥಾಪಿಸಿದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆ. ಕಾಡಿನಲ್ಲಿ ಮಂಗಗಳು ಸಾಯುವುದೆಂದರೆ ವಿಜ್ಞಾನಿಗಳಿಗೆ ಮೊದಲು ನೆನಪಾಗುವುದು ಹಳದಿ ಜ್ವರ. ಏಷ್ಯದಲ್ಲಿ ಎಂದೂ ಕಾಣಿಸಿಕೊಳ್ಳದ ಆ ಪಿಡುಗು ಇಲ್ಲಿ ಕಾಲಿಟ್ಟಿತೋ ಎಂಬ ಭೀತಿ ಸಹಜವಾಗಿತ್ತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಸಹೋದ್ಯೋಗಿಗಳು ಸ್ಥಳಕ್ಕೆ ಹೋಗಿ ಪರೀಕ್ಷಿಸಲಾಗಿ, ದೊರೆತುದು ರಷ್ಯದ ಕಾಡುಗಳಲ್ಲಿ ಮಿದುಳಿನ ಉರಿಯೂತವನ್ನುಂಟುಮಾಡುವ ವೈರಸ್ಸಿನ ಬಂಧು. ಅದನ್ನು ಹೊತ್ತು ತರುವುದು ಸೊಳ್ಳೆಯಲ್ಲ, ಉಣುಗು. ರಷ್ಯದ ಬಂಧುತ್ವವನ್ನು ಕಂಡು, ವಲಸೆಹಕ್ಕಿಗಳು ಇದನ್ನು ಉತ್ತರದಿಂದ ತಂದಿರಬಹುದೆಂದೂ ಊಹಿಸಿದರು. ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ಸಲೀಂ ಅಲಿಯವರ ಹಕ್ಕಿವಲಸೆಯ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಒದಗಿದುದಕ್ಕೆ ಈ ಊಹೆಯೂ ಒಂದು ಕಾರಣ. ಹಕ್ಕಿಗಳ ಬಗೆಗೆ ನಮ್ಮ ಅರಿವು ಹೆಚ್ಚಿತು. ಊಹೆ ಮಾತ್ರ ಸಿದ್ಧವಾಗಲಿಲ್ಲ.

ಉಣುಗಿನ ಜೀವನಕ್ರಮವನ್ನು ಅರಿಯದೆ ಈ ರೋಗ ಅರ್ಥವಾಗದು. ಈ ಜಾತಿಯ ಉಣುಗು ತನ್ನ ಬಾಳಿನಲ್ಲಿ ಮೂರು ಸಲ ರಕ್ತ ಹೀರುತ್ತದೆ, ಪ್ರತಿಸಲವೂ ಬೇರೊಂದು ಪ್ರಾಣಿಯಿಂದ. ಮಳೆಗಾಲ ಕಳೆದೊಡನೆ ತರಗೆಲೆಗಳ ನಡುವೆ ಕಾಣಿಸಿಕೊಳ್ಳುವ ಆರು ಕಾಲಿನ ಮರಿ, ಇಲಿ, ಹಕ್ಕಿ, ಮಂಗಗಳಲ್ಲಿ ಸಿಕ್ಕಿದುದನ್ನು ಹಿಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಕೆಳಗುದುರಿ, ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಮರಿಯಾಗಿದ್ದಾಗ ಹೀರಿದ ವೈರಸ್ಸು ಈ ರೂಪಾಂತರದಲ್ಲಿಯೂ ಅಳಿಯುವುದಿಲ್ಲ. ಮನುಷ್ಯನನ್ನು ಕಚ್ಚುವುದು ಬಹುಮಟ್ಟಿಗೆ ಈ ಎಳೆಯ ಉಣುಗೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಜನರು ಸೌದೆಗೂ ದರಕಿಗೂ ಕಾಡಿಗೆ ಹೋಗುವ ಕಾಲದಲ್ಲಿಯೇ, ಜ್ವರ ಹಬ್ಬುವುದಕ್ಕೆ ಇದೇ ಕಾರಣ. ಮಂಗವು ಸತ್ತಾಗ ಅದರ ಮೈಮೇಲಿನ ಉಣುಗುಗಳೆಲ್ಲ ಅಲ್ಲಿಯೇ ನೆಲಕ್ಕಿಳಿಯುತ್ತವೆ. ಹೆಣ ಬಿದ್ದ ಜಾಗ ಅಪಾಯದ ಮಡುವಾಗುತ್ತದೆ. ಮಂಗವು ರೋಗದ ಬಲಿಪಶು, ನಮಗೆ ಮುನ್ಸೂಚನೆ ಕೊಡುವ ಪ್ರಾಣಿ. ಅದನ್ನು ಅಪರಾಧಿಯೆನ್ನುವುದು ಅನ್ಯಾಯ. ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡದು.

ಇನ್ನು ಮೂರನೆಯ ಊಟ. ಬೆಳೆದ ಉಣುಗಿಗೆ ದೊಡ್ಡ ಪ್ರಾಣಿಯೇ ಬೇಕು, ಮುಖ್ಯವಾಗಿ ದನ. ದನಕ್ಕೆ ಈ ಜ್ವರ ಬಾರದು, ಅದರ ರಕ್ತದಿಂದ ವೈರಸ್ಸೂ ಹಬ್ಬದು. ಆದರೆ ಕಾಡಿನಂಚಿನಲ್ಲಿ ಮೇಯುವ ದನಗಳ ರಕ್ತವುಂಡು ಉಣುಗುಗಳು ಅಪಾರವಾಗಿ ಮೊಟ್ಟೆಯಿಡುತ್ತವೆ. ಕೊಲಂಬಿಯದ ವಿಜ್ಞಾನಿ ಬೋಶೆಲ್ 1969ರಲ್ಲಿಯೇ ಇದನ್ನು ಎತ್ತಿ ತೋರಿಸಿದರು: ಜನಸಂಖ್ಯೆ ಬೆಳೆದು, ಕಾಡು ಕಡಿದು, ಗದ್ದೆಯೂ ದನವೂ ಒಳನುಗ್ಗಿದಂತೆ, ಕಾಡಿನಲ್ಲಿ ಮರೆಯಾಗಿದ್ದ ರೋಗ ಹೊರಬಂದಿತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ನಕ್ಷೆಗಳ ಸಹಾಯದಿಂದ ಬಹುಮಟ್ಟಿಗೆ ಇದನ್ನೇ ಸಮರ್ಥಿಸಿದೆ: ನಿತ್ಯಹರಿದ್ವರ್ಣದ ಕಾಡೂ ತೋಟವೂ ಕಲೆತಿರುವ, ನಾಟಿ ದನಗಳು ಹೆಚ್ಚಾಗಿರುವ ಸೀಮೆಯಲ್ಲಿಯೇ ಅಪಾಯ ಅಧಿಕ. ಐವತ್ತು ವರ್ಷಗಳ ಅಂತರದ ಈ ಎರಡು ಮಾತುಗಳ ನಡುವೆ ನಾವು ಹೆಚ್ಚು ನೆಚ್ಚಿದುದು ಲಸಿಕೆಯನ್ನು. ಅದು ತಪ್ಪೆನ್ನಲಾರೆ, ಆದರೆ ಸಾಲದೆಂದು ಹೇಳಲೇಬೇಕು.

ಏಕೆಂದರೆ ರೋಗ ಸೊರಬದಲ್ಲಿ ನಿಲ್ಲಲಿಲ್ಲ. 1982-83ರಲ್ಲಿ ಬೆಳ್ತಂಗಡಿಯಲ್ಲಿ, ಗೇರುತೋಟಕ್ಕಾಗಿ ಕಾಡು ಕಡಿದೆಡೆಯಲ್ಲಿ, ಅದು ಭೀಕರವಾಗಿ ಎದ್ದಿತು. 2012ರಲ್ಲಿ ಬಂಡೀಪುರ, ಮುಂದೆ ನೀಲಗಿರಿ, ವಯನಾಡು. 2015ರಲ್ಲಿ ಗೋವೆ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಇಂದು ಇದು ಸಹ್ಯಾದ್ರಿಯ ಉದ್ದಕ್ಕೂ ಇರುವ ರೋಗ.

ಲಸಿಕೆಯ ಕಥೆಯೂ ಆಶಾದಾಯಕವಾಗಿ ಆರಂಭವಾಯಿತು. ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು ಅದನ್ನು ತಯಾರಿಸುತ್ತಿದ್ದರು. 1990ರ ಮೊದಲ ವರ್ಷಗಳ ಪ್ರಯೋಗದಲ್ಲಿ ಎರಡು ಚುಚ್ಚುಮದ್ದು ಪಡೆದವರಿಗೆ ಶೇಕಡಾ 94ರಷ್ಟು ರಕ್ಷಣೆ ದೊರೆತಿತ್ತು. 2005ರಿಂದ 2010ರವರೆಗಿನ ಪರಿಶೀಲನೆಯಲ್ಲಿ ಅದು ಶೇಕಡಾ 62ಕ್ಕೆ ಇಳಿದಿತ್ತು. ಮೇಲಾಗಿ, ನೋವಿನ ಚುಚ್ಚುಮದ್ದನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ಕೂಲಿಯ ದಿನವನ್ನು ಕಳೆದುಕೊಂಡು ಆರೋಗ್ಯಕೇಂದ್ರಕ್ಕೆ ಬರುವವರು ಕಡಿಮೆಯಾದರೆ ಆಶ್ಚರ್ಯವೇನು? 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಸಂಶೋಧನಾ ಮಂಡಳಿಯು ಹೈದರಾಬಾದಿನ ಸಂಸ್ಥೆಯೊಂದರೊಡನೆ ಹೊಸ ಲಸಿಕೆಯ ಕಾರ್ಯವನ್ನು ಕೈಗೊಂಡಿದೆ.

ರೋಗಕ್ಕೆ ನೇರವಾದ ಔಷಧಿಯಿಲ್ಲ. ಹಠಾತ್ತಾದ ಜ್ವರ, ತಲೆಸಿಡಿತ, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ. ಜ್ವರ ಬಿಟ್ಟು ವಾರವೆರಡು ವಾರದ ಮೇಲೆ ಕೆಲವರಿಗೆ ಅದು ಮರುಕಳಿಸಿ ಮಿದುಳಿಗೇರುವುದೂ ಉಂಟು. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣುಗು ಹತ್ತದ ತೈಲವನ್ನು ಕೈಕಾಲಿಗೆ ಸವರಿಕೊಂಡು, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು, ಮೈಯನ್ನು ಬೆರಳಾಡಿಸಿ ನೋಡಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ದನದ ಮೈಯ ಉಣುಗನ್ನು ಔಷಧಿ ಹಚ್ಚಿ ನಿವಾರಿಸುವುದೂ ಈ ಉಪಾಯಗಳಲ್ಲೊಂದು. ಆದರೆ ಆ ಕೆಲಸ ಪಶುವೈದ್ಯರದು, ಜ್ವರ ಮನುಷ್ಯವೈದ್ಯರದು, ಕಾಡು ಅರಣ್ಯ ಇಲಾಖೆಯದು. ಉಣುಗು ಈ ಮೂವರ ಗಡಿಗಳನ್ನೂ ದಿನವೂ ದಾಟುತ್ತಿದೆ.