ಡ್ರಮ್ಮು ಹೊತ್ತವನು ಆಟಗಾರನೋ, ವಾದ್ಯಗಾರನೋ?

ಬಲ್ಮಠ: ಆಗಸ್ಟ್ ಹದಿನೈದು ಹತ್ತಿರ ಬಂತೆಂದು ತಿಳಿಯಲು ಬಲ್ಮಠದವರಿಗೆ ಕ್ಯಾಲೆಂಡರು ಬೇಕಾಗಿಲ್ಲ. ಜ್ಯೋತಿ ಸ್ಟಾಪಿನಲ್ಲಿ ಬಸ್ಸಿಗೆ ಕಾದು ನಿಂತರೆ ಸಾಕು. ಜ್ಯೋತಿ ಟಾಕೀಸು ಹೋಯಿತು, ಸ್ಟಾಪಿನ ಹೆಸರು ಮಾತ್ರ ಉಳಿಯಿತು. ಅಲ್ಲಿ ನಿಂತವರ ಕಿವಿಗೆ ಯಾವುದೋ ಶಾಲೆಯ ಅಂಗಳದಿಂದ ಡ್ರಮ್ಮಿನ ಸದ್ದು ಬಂದು ಬೀಳುತ್ತದೆ. ಢಂ, ಢಂ, ಢಢಂ. ಮಳೆ ಬಂದರೆ ನಿಲ್ಲುತ್ತದೆ, ಮಳೆ ಬಿಟ್ಟರೆ ಪುನಃ ಶುರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವವರಿಗೂ ಅದೇ ತಾಳ, ಸಂಜೆ ಕಂಕನಾಡಿ ಬಸ್ಸಿಗೆ ಓಡುವವರಿಗೂ ಅದೇ ತಾಳ.

ಮೂರು ತಿಂಗಳು ಬಿಟ್ಟು ಶಾಲೆಯ ಕ್ರೀಡೋತ್ಸವ ಬರುತ್ತದೆ. ಅಂದು ಮೈದಾನಕ್ಕೆ ಎಲ್ಲರಿಗಿಂತ ಮೊದಲು ಇಳಿಯುವವರು ಬ್ಯಾಂಡಿನ ಮಕ್ಕಳು. ಮುಖ್ಯ ಅತಿಥಿಗಳನ್ನು ಗೇಟಿನಿಂದ ವೇದಿಕೆಗೆ ಕರೆತರುವವರು ಅವರೇ, ಪಥಸಂಚಲನಕ್ಕೆ ಹೆಜ್ಜೆ ಕೊಡುವವರೂ ಅವರೇ. ಅದು ಮುಗಿದ ಮೇಲೆ ಡ್ರಮ್ಮನ್ನು ಕೆಳಗಿಟ್ಟು ಬಿಸಿಲಲ್ಲಿ ಕುಳಿತು ಓಟ ನೋಡಬೇಕು. ಸಂಜೆ ನೂರು ಮೀಟರ್ ಓಡಿದವನಿಗೆ ಪದಕ, ಗುಂಡು ಎಸೆದವಳಿಗೆ ಸರ್ಟಿಫಿಕೇಟು. ಬ್ಯಾಂಡಿನವರಿಗೆ ಒಂದು ಚಪ್ಪಾಳೆ, ಒಂದು ಬನ್ಸ್.

ಇದು ನ್ಯಾಯವೋ ಎಂಬ ಪ್ರಶ್ನೆ ಸಣ್ಣದಲ್ಲ ಮಾರಾಯ್ರೆ. ಸ್ಪರ್ಧೆಗಾಗಿ ಹೆಜ್ಜೆ ಹಾಕುತ್ತಾ ವಾದ್ಯ ನುಡಿಸುವುದು ಕ್ರೀಡೆಯೋ ಅಲ್ಲವೋ ಎಂದು ದೂರದ ದೇಶಗಳಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ. ಆ ಜಗಳ ನಮ್ಮ ಬಲ್ಮಠದ ಅಂಗಡಿ ಕಟ್ಟೆಗೂ ಬರುವ ಕಾಲ ಬಂದಿದೆ.

ಬೆವರಿನ ಲೆಕ್ಕ

ಮೊದಲು ಅಂಗಡಿಯವರಿಗೆ ಒಪ್ಪಿಗೆಯಾಗುವ ಹಾಗೆ ಲೆಕ್ಕ ಹಾಕೋಣ. ನಮ್ಮ ದೇಶದ ಕವಾಯತಿನಲ್ಲಿ ಕ್ವಿಕ್ ಮಾರ್ಚ್ ಎಂದರೆ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು. ನಿಮಿಷಕ್ಕೆ 300 ಅಡಿ ಆಯಿತು. ಹತ್ತು ನಿಮಿಷಕ್ಕೆ 3,000 ಅಡಿ. ಮಕ್ಕಳ ಹೆಜ್ಜೆ ಸಣ್ಣದು ಎಂದು ಕಾಲು ಪಾಲು ಕಳೆದರೂ ಅರ್ಧ ಕಿಲೋಮೀಟರಿಗೆ ಮೋಸವಿಲ್ಲ. ಬರಿಗೈಯಲ್ಲಿ ನಡೆದದ್ದಲ್ಲ. ದೊಡ್ಡ ಡ್ರಮ್ಮು ಹೊತ್ತ ಹುಡುಗನ ಎದೆಯ ಮೇಲೆ ನಾಲ್ಕೈದು ಕೆಜಿ ಭಾರ. ಕಹಳೆ ಊದುವ ಹುಡುಗಿಗೆ ಉಸಿರು ಎಳೆದುಕೊಳ್ಳಲು ಸಿಗುವುದು ಎರಡು ಸ್ವರಗಳ ನಡುವಿನ ಸಂದು ಮಾತ್ರ. ಇಷ್ಟರ ಮೇಲೆ ಸಾಲು ಓರೆಯಾಗಬಾರದು, ತಾಳ ತಪ್ಪಬಾರದು, ಮುಖ ಸಪ್ಪೆಯಾಗಬಾರದು.

ಕ್ಯಾರಂ ಆಡುವವರಿಗೆ ಇಷ್ಟು ಬೆವರುಂಟೇ? ಚೆಸ್ ಆಡುವವರು ಕುರ್ಚಿ ಬಿಟ್ಟು ಏಳಬೇಕಾಗಿಲ್ಲ. ಅವರನ್ನು ಆಟಗಾರರಲ್ಲ ಎಂದು ಯಾರೂ ಹೇಳುವುದಿಲ್ಲ, ಹೇಳಬಾರದು ಕೂಡಾ.

ತೀರ್ಪುಗಾರರ ಕಿವಿ

ಇನ್ನೊಂದು ಪಂಗಡದ ಮಾತೂ ಹಗುರವಾದದ್ದಲ್ಲ. ಓಟಕ್ಕೆ ಗಡಿಯಾರ ಉಂಟು, ಹಾರುವುದಕ್ಕೆ ಟೇಪು ಉಂಟು, ಕಬಡ್ಡಿಗೆ ಗೆರೆ ಉಂಟು. ಬ್ಯಾಂಡಿಗೆ ಎಂತ ಉಂಟು? ಮೂವರು ತೀರ್ಪುಗಾರರ ಕಿವಿ. ಕಿವಿಯಿಂದ ಅಳೆಯುವುದು ಕಲೆ, ಅದನ್ನು ಕಲೆಯ ಜಾಗದಲ್ಲೇ ಬಿಡಿ ಎಂಬುದು ಅವರ ವಾದ.

ಈ ವಾದಕ್ಕೆ ಒಲಿಂಪಿಕ್ಸೇ ಉತ್ತರ ಕೊಟ್ಟಿದೆ. ಜಿಮ್ನಾಸ್ಟಿಕ್ಸಿಗೆ ಅಂಕ ಕೊಡುವವರು ತೀರ್ಪುಗಾರರು. ಸಂಗೀತದೊಡನೆ ರಿಬ್ಬನ್ ಬೀಸುವ ರಿದಮಿಕ್ ಜಿಮ್ನಾಸ್ಟಿಕ್ಸ್ 1984ರಿಂದ ಅಲ್ಲಿ ಉಂಟು. 2024ರ ಪ್ಯಾರಿಸ್ ಕೂಟದಲ್ಲಿ ಬ್ರೇಕ್ ಡ್ಯಾನ್ಸಿಗೂ ಪದಕ ಕೊಟ್ಟರು. ಆದರೆ 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಇಂದು ಪಟ್ಟಿಗೆ ಸೇರಿದ್ದು ನಾಳೆಯೂ ಇರಬೇಕೆಂದಿಲ್ಲ.

ಇನ್ನೂ ಹಿಂದೆ ಹೋದರೆ ಮಜಾ ಉಂಟು. 1912ರಿಂದ 1948ರವರೆಗೆ ಒಲಿಂಪಿಕ್ಸಿನಲ್ಲಿ ಸಾಹಿತ್ಯ, ಶಿಲ್ಪ, ಸಂಗೀತಕ್ಕೂ ಪದಕವಿತ್ತು. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಸಂಗೀತದ ಚಿನ್ನ ಗೆದ್ದವನು ಇಟಲಿಯ ರಿಕಾರ್ಡೋ ಬಾರ್ತೆಲೆಮಿ. ಗೆದ್ದದ್ದು ಯಾವುದಕ್ಕೆ? ಒಲಿಂಪಿಕ್ಸಿನ ಒಂದು ವಿಜಯ ಮಾರ್ಚಿಗೆ! ಆ ಚಿನ್ನ ಸಿಕ್ಕಿದ್ದು ಮಾರ್ಚನ್ನು ಕಾಗದದ ಮೇಲೆ ಬರೆದವನಿಗೆ. ಅದನ್ನು ಹೊತ್ತು ನಡೆದು ಬಾರಿಸಿದವನಿಗೆ ಅಂದೂ ಏನಿಲ್ಲ.

ಅಮೆರಿಕಾದಲ್ಲಿ ಈ ಸ್ಪರ್ಧೆಗಳಿಗಾಗಿಯೇ 1971ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಶನಲ್ ಎಂಬ ಸಂಸ್ಥೆ ಹುಟ್ಟಿತು. ಅಲ್ಲಿನ ಟೆಕ್ಸಾಸ್ ರಾಜ್ಯದಲ್ಲಿ ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಿನ ಅಭ್ಯಾಸವನ್ನು ವ್ಯಾಯಾಮ ಶಿಕ್ಷಣದ ಬದಲಿಗೆ ಲೆಕ್ಕಕ್ಕೆ ಹಿಡಿಯಲು ಅವಕಾಶವುಂಟು. ಕ್ರೀಡೆ ಎಂಬ ಹೆಸರು ಕೊಡಲಿಲ್ಲ, ಆದರೆ ಬೆವರನ್ನು ಒಪ್ಪಿಕೊಂಡರು.

ನಮ್ಮ ಹುಲಿ, ನಮ್ಮ ತಾಸೆ

ಅಷ್ಟು ದೂರ ಯಾಕೆ? ನವರಾತ್ರಿಗೆ ಹಂಪನಕಟ್ಟೆಯಲ್ಲಿ ನಿಂತು ನೋಡಿ. ಹುಲಿವೇಷದ ತಂಡ ಬರುತ್ತದೆ. ಮುಂದೆ ಹುಲಿ, ಹಿಂದೆ ತಾಸೆ, ಡೋಲು. ಚರ್ಮದ ತಾಸೆಯಾದರೆ ನಡುವೆ ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿಕೊಳ್ಳಬೇಕು. ಬೆಳಿಗ್ಗೆ ಕುತ್ತಿಗೆಗೆ ಬಿದ್ದ ತಾಸೆ ಇಳಿಯುವುದು ರಾತ್ರಿಗೆ. ಈಚಿನ ವರ್ಷಗಳಲ್ಲಿ ಮಂಗಳೂರಿನಲ್ಲಿ ಹುಲಿವೇಷದ ದೊಡ್ಡ ದೊಡ್ಡ ಸ್ಪರ್ಧೆಗಳು ನಡೆಯುತ್ತಿವೆ. ಸಮಯದ ಮಿತಿ ಉಂಟು, ತೀರ್ಪುಗಾರರುಂಟು, ಅಂಕವುಂಟು. ಸುಮಾರು 40 ಕೆಜಿಯ ಅಕ್ಕಿ ಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ ಹುಲಿಯನ್ನು ನೋಡಿದವರು ಇದು ಕಸರತ್ತಲ್ಲ ಎಂದು ಹೇಳಲಿ ನೋಡೋಣ!

ಆದರೆ ಹಳಬರ ಒಂದು ಬೇಸರವನ್ನೂ ಬರೆಯಲೇಬೇಕು. ಬೀದಿಯ ಹುಲಿ ಅಂಗಡಿ ಬಾಗಿಲಿಗೆ ಬಂದು ಕುಣಿಯುತ್ತದೆ, ಮಗು ಹೆದರಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ, ತಾಸೆಯವನು ಜನರ ಮುಖ ನೋಡಿ ತಾಳ ಬದಲಿಸುತ್ತಾನೆ. ವೇದಿಕೆಯ ಹುಲಿಗೆ ಗಡಿಯಾರದ ಅವಸರ. ಯಾವುದಕ್ಕೆ ಅಂಕ ಹೆಚ್ಚೋ ಅದನ್ನೇ ಮಾಡಬೇಕು. ಬ್ಯಾಂಡನ್ನು ಕ್ರೀಡೆ ಮಾಡಿದರೆ ಅದಕ್ಕೂ ಇದೇ ಗತಿ ಬರಬಹುದು. ಕಿವಿಗೆ ಹಿತವಾದ ಧಾಟಿ ಹೋಗಿ ಅಂಕಕ್ಕೆ ಹಿತವಾದ ಧಾಟಿ ಉಳಿಯಬಹುದು. ಕ್ರೀಡೆ ಎಂದು ಹೆಸರಾದ ಕೂಡಲೇ ಎರಡು ಅಸೋಸಿಯೇಶನ್, ಮೂರು ಕೋರ್ಟು ಕೇಸು ಹುಟ್ಟುವುದೂ ನಮ್ಮಲ್ಲಿ ಹೊಸತಲ್ಲ.

ಕಂಬಳದ ಗದ್ದೆಯಲ್ಲಿ ಇನ್ನೊಂದು ಚಿತ್ರ. ಕೋಣಗಳು ಗದ್ದೆಗೆ ಬರುವುದು ವಾದ್ಯ, ಕೊಂಬಿನ ಮೆರವಣಿಗೆಯಲ್ಲಿ. ಗೆದ್ದ ಕೋಣದ ಯಜಮಾನನಿಗೆ ಪವನು ಲೆಕ್ಕದಲ್ಲಿ ಚಿನ್ನ. ಕರೆತಂದ ವಾದ್ಯದವರಿಗೆ ದಿನದ ಸಂಬಳ. ಓಟ ಸ್ಪರ್ಧೆ, ವಾದ್ಯ ಕೆಲಸ. ನಮ್ಮ ಮನಸ್ಸಿನಲ್ಲಿರುವ ಗೆರೆ ಇದೇ.

ಜಗಳ ಇರುವುದು ಕಾಗದದ ಮೇಲೆ

ಈ ಗೆರೆಗೆ ಬೆಲೆ ಕಟ್ಟುವುದು ಸರಕಾರದ ಕಾಗದ. ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳ ಸೀಟು ಹಂಚುವಾಗ ವಿಶೇಷ ವರ್ಗ ಎಂಬುದೊಂದು ಉಂಟು. ಅದರಲ್ಲಿ ಕ್ರೀಡೆ ಉಂಟು, ಎನ್‌ಸಿಸಿ ಉಂಟು, ಸ್ಕೌಟ್ಸ್ ಮತ್ತು ಗೈಡ್ಸ್ ಉಂಟು. ಶಾಲೆಯ ಬ್ಯಾಂಡಿಗೆ ಪ್ರತ್ಯೇಕ ಹೆಸರಿಲ್ಲ. ಎಂಟನೆಯಿಂದ ಹತ್ತನೆಯವರೆಗೆ ಮೂರು ವರ್ಷ ಡ್ರಮ್ಮು ಹೊತ್ತ ಹುಡುಗನ ಕೈಯಲ್ಲಿ ಕೊನೆಗೆ ಉಳಿಯುವುದು ಕೋಲಿನಿಂದ ಬಂದ ದಡ್ಡು.

ತಲಪಾಡಿ ದಾಟಿದರೆ ಲೆಕ್ಕ ಬೇರೆ. ಕೇರಳದ ಶಾಲಾ ಕಲೋತ್ಸವದಲ್ಲಿ ಬ್ಯಾಂಡ್ ಮೇಳ ಒಂದು ಸ್ಪರ್ಧೆ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗೂ ಆ ಬಾಗಿಲು ತೆರೆದೇ ಇದೆ. 2019ರಲ್ಲಿ ರಾಜ್ಯ ಕಲೋತ್ಸವ ನಡೆದದ್ದು ನಮ್ಮ ನೆರೆಯ ಕಾಞಂಗಾಡಿನಲ್ಲೇ. ಅಲ್ಲಿ ಬ್ಯಾಂಡು ಕಲೆಯೇ, ಕ್ರೀಡೆಯಲ್ಲ. ಆದರೆ ರಾಜ್ಯ ಮಟ್ಟದಲ್ಲಿ ಮೇಲಿನ ಗ್ರೇಡು ಬಂದರೆ ಪರೀಕ್ಷೆಗೆ ಗ್ರೇಸ್ ಮಾರ್ಕು ಸಿಗುವ ಪದ್ಧತಿ ಉಂಟು. ಕ್ರೀಡೆಗೂ ಉಂಟು. ಎರಡಕ್ಕೂ ಬೆಲೆ ಇದ್ದಲ್ಲಿ ಹೆಸರಿಗಾಗಿ ಯಾರೂ ಜಗಳ ಆಡುವುದಿಲ್ಲ.

ದೆಹಲಿಯಲ್ಲೂ ಗಾಳಿ ಬದಲಾಗುತ್ತಿದೆ. ರಕ್ಷಣಾ ಮತ್ತು ಶಿಕ್ಷಣ ಇಲಾಖೆಗಳು ಸೇರಿ ನಡೆಸುವ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯ ಅಂತಿಮ ಸುತ್ತು 2024ರ ಜನವರಿಯಲ್ಲಿ ನಡೆಯಿತು. ಎಲ್ಲಿ? ಹಾಕಿ ಮಾಂತ್ರಿಕನ ಹೆಸರಿನ ಮೇಜರ್ ಧ್ಯಾನ್‌ಚಂದ್ ಸ್ಟೇಡಿಯಮ್ಮಿನಲ್ಲಿ! 2025ರ ಜನವರಿಯಲ್ಲೂ ಅಲ್ಲೇ. ಮೊದಲ ಬಹುಮಾನ 21,000 ರೂಪಾಯಿ. ಇಪ್ಪತ್ತೈದು ಮಕ್ಕಳ ತಂಡವೆಂದು ಹಿಡಿದರೆ ತಲೆಗೆ 840 ರೂಪಾಯಿ. ಒಂದು ಜೊತೆ ಒಳ್ಳೆ ಬೂಟು ಬರುತ್ತದೋ ಇಲ್ಲವೋ, ಬಲ್ಮಠದ ಚಪ್ಪಲಿ ಅಂಗಡಿಯವರೇ ಹೇಳಬೇಕು.

ಯೋಗ ತೋರಿಸಿದ ದಾರಿ

ಹಾಗಾದರೆ ಬಿಡಿಸುವುದು ಹೇಗೆ? ಯೋಗದ ದಾರಿ ಕಣ್ಣೆದುರೇ ಉಂಟು. 2020ರ ಡಿಸೆಂಬರಿನಲ್ಲಿ ಕೇಂದ್ರ ಕ್ರೀಡಾ ಇಲಾಖೆ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆ ಎಂದು ಒಪ್ಪಿತು. ಅದರಿಂದ ಬೆಳಿಗ್ಗೆ ಎದ್ದು ಟೆರೇಸಿನ ಮೇಲೆ ಸೂರ್ಯನಮಸ್ಕಾರ ಮಾಡುವ ಅಜ್ಜ ಕ್ರೀಡಾಪಟು ಆಗಲಿಲ್ಲ. ಅವರ ಯೋಗ ಅವರಿಗೆ ಉಳಿಯಿತು. ಸ್ಪರ್ಧೆಗೆ ಇಳಿದ ಮಕ್ಕಳಿಗೆ ಮಾತ್ರ ಸರ್ಟಿಫಿಕೇಟಿನ ಬೆಲೆ ಬಂತು.

ಬ್ಯಾಂಡಿಗೂ ಹಾಗೆಯೇ ಮಾಡಬಹುದು. ದಿಬ್ಬಣದ ಬ್ಯಾಂಡು ದಿಬ್ಬಣಕ್ಕೆ, ಇಗರ್ಜಿ ಹಬ್ಬದ ಬ್ಯಾಂಡು ಹಬ್ಬಕ್ಕೆ, ಬೀದಿಯ ತಾಸೆ ಬೀದಿಗೆ ಇರಲಿ. ಅವನ್ನು ಅಳೆಯಲು ಯಾರೂ ಟೇಪು ಹಿಡಿದು ಬರುವುದು ಬೇಡ. ನಿಯಮ ಇಟ್ಟು, ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಗೆದ್ದು ಹೋಗುವ ಶಾಲಾ ಬ್ಯಾಂಡಿಗೆ ಮಾತ್ರ ಓಟಗಾರನಿಗೆ ಸಿಗುವ ಹಾಜರಿ, ಬಸ್ ಖರ್ಚು, ಊಟ, ಸರ್ಟಿಫಿಕೇಟು ಸಿಗಲಿ. ತಲೆಬರಹ ಕ್ರೀಡೆ ಎಂದಿರಲಿ, ಕಲೆ ಎಂದಿರಲಿ, ಬೆಲೆ ಒಂದೇ ಇದ್ದರೆ ಸಾಕು. ಅದಿಲ್ಲದೆ ಕ್ರೀಡೆ ಎಂಬ ಬರೀ ಹೆಸರು ಕೊಟ್ಟರೆ ಅದು ಖಾಲಿ ಡ್ರಮ್ಮು. ಸದ್ದು ಮಾತ್ರ ಬರುತ್ತದೆ.

ಆಟ ಎಂದರೆ ಎಂತ?

ಕೊನೆಗೆ ಒಂದು ಮಾತು. ಕಿಟ್ಟೆಲರ ದೊಡ್ಡ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಬಲ್ಮಠದ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಆದರೆ ಈ ಪ್ರಶ್ನೆಗೆ ನಿಘಂಟು ಬಿಡಿಸಬೇಕಾಗಿಲ್ಲ. ನಮ್ಮ ಜಿಲ್ಲೆಯವನು 'ನಿನ್ನೆ ಆಟಕ್ಕೆ ಹೋಗಿದ್ದೆ' ಎಂದರೆ ಯಾವ ಆಟ ಎಂದು ಯಾರೂ ಕೇಳುವುದಿಲ್ಲ. ಚೆಂಡೆ ಮದ್ದಳೆಯ ಯಕ್ಷಗಾನ. ಎರಡು ಮೇಳಗಳು ಪಕ್ಕ ಪಕ್ಕದ ರಂಗಸ್ಥಳದಲ್ಲಿ ಪೈಪೋಟಿಗೆ ನಿಂತರೆ ಅದು ಜೋಡಾಟ. ಈ ಚೆಂಡೆ ಗೆದ್ದಿತೋ ಆ ಚೆಂಡೆ ಗೆದ್ದಿತೋ ಎಂದು ಬೆಳಗಿನ ತನಕ ಜನರೇ ತೀರ್ಪುಗಾರರು. ಅದನ್ನೂ ಆಟ ಎಂದೆವು, ನೆಹರೂ ಮೈದಾನದ ಕ್ರಿಕೆಟನ್ನೂ ಆಟ ಎಂದೆವು. ನಮ್ಮ ಅಜ್ಜಂದಿರ ಬಾಯಲ್ಲಿ ಇವೆರಡರ ನಡುವೆ ಗೋಡೆ ಇರಲಿಲ್ಲ. ಗೋಡೆ ಎದ್ದದ್ದು ಸರಕಾರಿ ಫೈಲಿನಲ್ಲಿ. ಒಂದು ಫೈಲು ಕ್ರೀಡಾ ಇಲಾಖೆಗೆ, ಇನ್ನೊಂದು ಸಂಸ್ಕೃತಿ ಇಲಾಖೆಗೆ. ಡ್ರಮ್ಮು ಹೊತ್ತ ಹುಡುಗ ಎರಡು ಫೈಲುಗಳ ನಡುವೆ ನಿಂತಿದ್ದಾನೆ.

ಮುಂದಿನ ಸಲ ಜ್ಯೋತಿ ಸ್ಟಾಪಿನಲ್ಲಿ ಆ ಢಂ ಢಂ ಕೇಳಿದಾಗ, ಬಸ್ಸು ಬರುವ ತನಕ, ಹೆಜ್ಜೆ ಎಣಿಸಿ ನೋಡಿ. ನಿಮಿಷಕ್ಕೆ 120. ಎಣಿಸುವುದಕ್ಕೇ ಸುಸ್ತಾಗುತ್ತದೆ. ಹೊತ್ತು ನಡೆಯುವವನಿಗೆ ಎಷ್ಟಾಗಬೇಡ?